ಎದೆ ತೆರೆಯದೆ ಹೃದಯದ ಕವಾಟ ಬದಲಿಸಬಹುದೇ?

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿದೆ ಎಂದು ಎಕೋ ಪರೀಕ್ಷೆಯಲ್ಲಿ ತಿಳಿದುಬಂದಿದೆ. ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಬಹುದು ಎಂದು ವೈದ್ಯರು ಹೇಳಿದ್ದಾರೆ. ತಾಯಿ ಮಾತ್ರ ‘ನನಗೇನೂ ತೊಂದರೆಯಿಲ್ಲ, ಮಾತ್ರೆಯೇ ಸಾಕು’ ಎನ್ನುತ್ತಾರೆ. ಹಾಗೆ ಮುಂದುವರಿಯಬಹುದೇ?

ಉತ್ತರ: ‘ತೊಂದರೆಯಿಲ್ಲ’ ಎಂಬ ಮಾತನ್ನು ಈ ಕಾಯಿಲೆಯಲ್ಲಿ ಸ್ವಲ್ಪ ಕೆದಕಿ ನೋಡಬೇಕಾಗುತ್ತದೆ. ಕವಾಟ ವರ್ಷಗಟ್ಟಲೆ ನಿಧಾನವಾಗಿ ಕಿರಿದಾಗುವುದರಿಂದ, ರೋಗಿಗಳು ತಮಗೇ ಅರಿವಿಲ್ಲದಂತೆ ನಡಿಗೆಯನ್ನು ಕಡಿಮೆ ಮಾಡಿಕೊಂಡಿರುತ್ತಾರೆ, ಮೆಟ್ಟಿಲು ಹತ್ತುವುದನ್ನು ಬಿಟ್ಟಿರುತ್ತಾರೆ, ಅದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿರುತ್ತಾರೆ. ಆದ್ದರಿಂದ ‘ಏದುಸಿರು ಬರುತ್ತದೆಯೇ’ ಎಂದು ಕೇಳುವುದರ ಬದಲು, ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ’ ಎಂದು ಕೇಳಿ ನೋಡಿ. ಅನೇಕ ಸಲ ನಿಜವಾದ ಉತ್ತರ ಅಲ್ಲಿ ಸಿಗುತ್ತದೆ.

ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲಾದ ಈ ಕವಾಟ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತದೆ. ಆರೋಗ್ಯವಂತರಲ್ಲಿ ಅದರ ಬಾಯಿ 3ರಿಂದ 4 ಚದರ ಸೆಂಟಿಮೀಟರ್‌ನಷ್ಟು ತೆರೆದುಕೊಳ್ಳುತ್ತದೆ; ಸುಣ್ಣದ ಅಂಶ ಕಟ್ಟಿಕೊಂಡು ಎಸಳುಗಳು ಬಿರುಸಾಗಿ, ಅದು 1 ಚದರ ಸೆಂಟಿಮೀಟರ್‌ಗೆ ಇಳಿದಾಗ ನಾವು ತೀವ್ರ ಎನ್ನುತ್ತೇವೆ. ಕಟ್ಟಿಕೊಂಡ ಸುಣ್ಣವನ್ನು ಕರಗಿಸುವ ಮಾತ್ರೆ ಇಂದಿಗೂ ಇಲ್ಲ. ಮೂತ್ರವರ್ಧಕಗಳು ಶ್ವಾಸಕೋಶದಲ್ಲಿ ಸೇರಿಕೊಂಡ ನೀರನ್ನು ಇಳಿಸಿ ಉಸಿರಾಟವನ್ನು ಸರಾಗಗೊಳಿಸುತ್ತವೆಯೇ ಹೊರತು ಕವಾಟದ ಬಾಯಿಯನ್ನು ಒಂದಿಷ್ಟೂ ಹಿಗ್ಗಿಸುವುದಿಲ್ಲ. ಶಸ್ತ್ರಚಿಕಿತ್ಸೆಯನ್ನು ತಾಳಲಾರದಷ್ಟು ನಿತ್ರಾಣರಾಗಿದ್ದ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಎಂಬ ಅಧ್ಯಯನದಲ್ಲಿ, ಹೊಸ ಕವಾಟ ಪಡೆಯದೆ ಉಳಿದವರ ಪೈಕಿ ಶೇ 50.7 ಮಂದಿ ಒಂದೇ ವರ್ಷದಲ್ಲಿ ತೀರಿಕೊಂಡರು. ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ರಕ್ತನಾಳದೊಳಗೆ ತೂರಿಸಿ ಅದರ ಮೂಲಕ ಕವಾಟ ಪಡೆದವರಲ್ಲಿ ಆ ಪ್ರಮಾಣ ಶೇ 30.7 ಇತ್ತು. ಅವರೆಲ್ಲ ನಿಮ್ಮ ತಾಯಿಯವರಿಗಿಂತ ಹೆಚ್ಚು ಕಾಯಿಲೆ ಬಿದ್ದವರಿರಬಹುದು. ಆದರೂ ತಲೆಸುತ್ತಿ ಬೀಳುವುದು, ಎದೆನೋವು, ಏದುಸಿರು ಈ ಮೂರರಲ್ಲಿ ಒಂದು ಕಾಣಿಸಿಕೊಂಡ ಮೇಲೆ ಕಾಯುವುದು ಸುರಕ್ಷಿತವಲ್ಲ ಎಂಬುದನ್ನು ಅವರಿಗೆ ಸಮಾಧಾನದಿಂದ, ಮುಚ್ಚುಮರೆಯಿಲ್ಲದೆ ತಿಳಿಸಿ.

ಪ್ರಶ್ನೆ: ಎದೆಯನ್ನು ಸೀಳದೆ, ಹೃದಯವನ್ನು ನಿಲ್ಲಿಸದೆ ಕವಾಟವನ್ನು ಹೇಗೆ ಬದಲಿಸುತ್ತಾರೆ? ಹಳೆಯ ಕವಾಟವನ್ನು ಹೇಗೆ ಹೊರತೆಗೆಯುತ್ತಾರೆ?

ಉತ್ತರ: ಹಳೆಯದನ್ನು ಹೊರತೆಗೆಯುವುದೇ ಇಲ್ಲ. ಹಸು ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ಎಸಳುಗಳನ್ನು ಲೋಹದ ಜಾಲರಿಯೊಂದಕ್ಕೆ ಹೊಲಿದು, ಅದನ್ನು ಪೆನ್ಸಿಲ್ಲಿನಷ್ಟು ದಪ್ಪಕ್ಕೆ ಮಡಿಸಿ, ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಯ ಮೂಲಕ ಹೃದಯದವರೆಗೆ ತೂರಿಸುತ್ತಾರೆ. ಹಳೆಯ ಕವಾಟದ ನಡುವೆ ಅದು ಅರಳಿದಾಗ ಹಳೆಯ ಎಸಳುಗಳು ಸುತ್ತಲಿನ ಗೋಡೆಗೆ ಒತ್ತಿಕೊಳ್ಳುತ್ತವೆ. ಯಾವ ಸುಣ್ಣ ಕಾಯಿಲೆಗೆ ಕಾರಣವಾಗಿತ್ತೋ ಅದೇ ಹೊಸ ಜಾಲರಿಗೆ ಹಿಡಿತವನ್ನೂ ಕೊಡುತ್ತದೆ. ಕಿರಿದಾಗದೆ ಕೇವಲ ಸೋರುತ್ತಿರುವ ಕವಾಟಕ್ಕೆ ಈ ವಿಧಾನ ಸುಲಭವಾಗಿ ಒಗ್ಗದಿರುವುದಕ್ಕೆ ಆ ಹಿಡಿತದ ಕೊರತೆಯೇ ಮುಖ್ಯ ಕಾರಣ.

ಕೆಲವು ಬಗೆಯ ಕವಾಟಗಳನ್ನು ಬಲೂನಿನಿಂದ ಅರಳಿಸಬೇಕು. ಆಗ ರಕ್ತದ ರಭಸಕ್ಕೆ ಕವಾಟ ಜಾರದಿರಲೆಂದು ತಾತ್ಕಾಲಿಕ ಪೇಸ್‌ಮೇಕರ್‌ನಿಂದ ಹೃದಯವನ್ನು ಕೆಲವು ಕ್ಷಣ ನಿಮಿಷಕ್ಕೆ 180ರ ಆಸುಪಾಸಿನ ವೇಗದಲ್ಲಿ ಬಡಿಯುವಂತೆ ಮಾಡುತ್ತಾರೆ. ಮತ್ತೆ ಕೆಲವು ಕವಾಟಗಳ ನಿಟಿನಾಲ್ ಎಂಬ ಮಿಶ್ರಲೋಹದ ಜಾಲರಿ ದೇಹದ ಶಾಖಕ್ಕೆ ತಾನಾಗಿ ಅರಳುತ್ತದೆ. ಬಹಳಷ್ಟು ರೋಗಿಗಳಿಗೆ ಪೂರ್ಣ ಅರಿವಳಿಕೆಯೂ ಬೇಕಾಗುವುದಿಲ್ಲ. ಮನುಷ್ಯರಲ್ಲಿ ಇದನ್ನು ಮೊದಲು ಮಾಡಿದವರು ಫ್ರಾನ್ಸಿನ ರೂಆನ್ ನಗರದ ವೈದ್ಯ ಅಲೈನ್ ಕ್ರಿಬಿಯೇ. 2002ರ ಏಪ್ರಿಲ್ 16ರಂದು, ಬೇರೆ ದಾರಿಯೇ ಉಳಿದಿರದ 57 ವರ್ಷದ ರೋಗಿಯೊಬ್ಬರಿಗೆ ಅವರು ಈ ಚಿಕಿತ್ಸೆ ನೀಡಿದರು.

ಪ್ರಶ್ನೆ: ನನಗೆ 52 ವರ್ಷ. ಹುಟ್ಟಿನಿಂದಲೇ ಕವಾಟಕ್ಕೆ ಮೂರರ ಬದಲು ಎರಡೇ ಎಸಳುಗಳಿವೆಯಂತೆ, ಈಗ ಬದಲಿಸಬೇಕಾಗಿದೆ. ಇಷ್ಟು ಸುಲಭವಾದ ವಿಧಾನವಿರುವಾಗ ವೈದ್ಯರು ನನಗೆ ಶಸ್ತ್ರಚಿಕಿತ್ಸೆಯನ್ನೇ ಏಕೆ ಸೂಚಿಸುತ್ತಿದ್ದಾರೆ?

ಉತ್ತರ: ನಿಮ್ಮ ವೈದ್ಯರ ಸಲಹೆ ನನಗೆ ಸರಿಯೆನಿಸುತ್ತದೆ. ಗಾಯ ಎಷ್ಟು ಉದ್ದ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಇನ್ನು 30 ವರ್ಷ ಈ ಹೃದಯ ಹೇಗೆ ನಡೆಯಬೇಕು ಎಂದು ಯೋಚಿಸಿ. ಕ್ಯಾತಿಟರ್ ಮೂಲಕ ಹಾಕುವ ಕವಾಟಗಳೆಲ್ಲ ಪ್ರಾಣಿಗಳ ಅಂಗಾಂಶದಿಂದ ಮಾಡಿದವು, ಮತ್ತು ಅಂಗಾಂಶ ಸವೆಯುತ್ತದೆ. 80 ವರ್ಷದವರಿಗೆ ಒಂದೇ ಕವಾಟ ಜೀವಮಾನಕ್ಕೆ ಸಾಕಾಗಬಹುದು. ನಿಮಗೆ ಎರಡನೆಯದು ಬೇಕಾಗುವುದು ಬಹುತೇಕ ಖಚಿತ, ಮೂರನೆಯದೂ ಬೇಕಾಗಬಹುದು. ಒಂದರೊಳಗೆ ಇನ್ನೊಂದು ಕವಾಟವನ್ನು ಕೂರಿಸಲು ಸಾಧ್ಯವಿದೆಯಾದರೂ, ಪ್ರತಿ ಸಲವೂ ರಕ್ತ ಹರಿಯುವ ದಾರಿ ಇನ್ನಷ್ಟು ಕಿರಿದಾಗುತ್ತದೆ ಮತ್ತು ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ನಾಳಗಳ ಬಾಯಿಗೆ ಜಾಲರಿ ಅಡ್ಡವಾಗುವ ಸಂಭವ ಹೆಚ್ಚುತ್ತದೆ. ಮುಂದೊಂದು ದಿನ ನಿಮಗೆ ಆಂಜಿಯೋಪ್ಲಾಸ್ಟಿ ಬೇಕಾದರೆ ಅದೂ ಕಷ್ಟವಾಗಬಹುದು. ಹಳೆಯ ಜಾಲರಿಯನ್ನು ಕಿತ್ತು ತೆಗೆಯುವ ಶಸ್ತ್ರಚಿಕಿತ್ಸೆಯಂತೂ ಮೊದಲ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಅಪಾಯಕಾರಿ.

ಎರಡೆಸಳಿನ ಕವಾಟ ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ. ಅದರ ಬಾಯಿ ದುಂಡಗಿರದೆ ಸುಣ್ಣ ಅಸಮವಾಗಿ ಕಟ್ಟಿಕೊಂಡಿರುವುದರಿಂದ, ದುಂಡನೆಯ ಜಾಲರಿಯ ಅಂಚಿನಲ್ಲಿ ಸೋರಿಕೆ ಉಳಿಯಬಹುದು. ಇಂಥ ಅನೇಕರಲ್ಲಿ ಮಹಾಪಧಮನಿಯೇ ಹಿಗ್ಗಿರುತ್ತದೆ. ಅದನ್ನು ಸರಿಪಡಿಸಲು ಎದೆಯನ್ನು ತೆರೆಯಲೇಬೇಕು. ನಿಮ್ಮ ಮಹಾಪಧಮನಿಯ ಅಳತೆ ಎಷ್ಟಿದೆ ಎಂದು ಮರೆಯದೆ ಕೇಳಿ.

ಇನ್ನು, ‘ಚಿಕ್ಕ ಗಾಯ’ ಎಂಬ ಮಾತನ್ನು ಎರಡು ಬೇರೆ ಬೇರೆ ಚಿಕಿತ್ಸೆಗಳಿಗೆ ಬಳಸುವುದರಿಂದ ಬಹಳ ಗೊಂದಲವಾಗಿದೆ. ಎದೆಮೂಳೆಯ ಮೇಲ್ಭಾಗವನ್ನಷ್ಟೇ ಬಿಡಿಸಿ, ಅಥವಾ ಬಲಗಡೆಯ ಪಕ್ಕೆಲುಬುಗಳ ನಡುವೆ, 6ರಿಂದ 8 ಸೆಂಟಿಮೀಟರ್ ಗಾಯದಲ್ಲಿ ಶಸ್ತ್ರಚಿಕಿತ್ಸಕರೇ ಕವಾಟ ಬದಲಿಸುವ ವಿಧಾನವೊಂದಿದೆ. ಅಲ್ಲಿಯೂ ಹೃದಯವನ್ನು ನಿಲ್ಲಿಸಿ ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸುತ್ತಾರೆ, ಆದರೆ ಹಾಳಾದ ಕವಾಟವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದು, ರೋಗಿಗೆ ಬೇಕಾದ ಬಗೆಯ ಕವಾಟವನ್ನು ಹೊಲಿಯುತ್ತಾರೆ. ನಿಮಗೆ ಅದು ಹೊಂದುತ್ತದೆಯೇ ಎಂದು ವಿಚಾರಿಸಬಹುದು. ಲೋಹ ಮತ್ತು ಕಾರ್ಬನ್‌ನಿಂದ ಮಾಡಿದ ಯಾಂತ್ರಿಕ ಕವಾಟ ದಶಕಗಳವರೆಗೆ ಬಾಳುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಜೀವನಪೂರ್ತಿ ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ಮತ್ತು ನಿಯಮಿತ ರಕ್ತಪರೀಕ್ಷೆ. ಈಚಿನ ಹೊಸ ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ಯಾಂತ್ರಿಕ ಕವಾಟ ಇರುವವರು ವಾರ್ಫರಿನ್ ಬದಲಿಗೆ ತೆಗೆದುಕೊಳ್ಳುವಂತಿಲ್ಲ. ಇದರಲ್ಲಿ ಯಾವುದನ್ನು ಒಪ್ಪುವಿರಿ ಎಂಬುದು ನಿಮ್ಮ ಉದ್ಯೋಗ, ದಿನಚರಿ ಮತ್ತು ಮನೋಭಾವವನ್ನು ಅವಲಂಬಿಸಿರುವುದರಿಂದ, ಅದನ್ನು ವೈದ್ಯರೊಬ್ಬರೇ ತೀರ್ಮಾನಿಸುವುದು ನ್ಯಾಯವಲ್ಲ.

ಪ್ರಶ್ನೆ: ತೊಡೆಯ ಮೂಲಕ ಕವಾಟ ಹಾಕಿಸಿಕೊಂಡ ನಮ್ಮ ಸಂಬಂಧಿಕರಿಗೆ ಆಮೇಲೆ ಪೇಸ್‌ಮೇಕರ್ ಬೇಕಾಯಿತು. ಇದು ವೈದ್ಯರ ತಪ್ಪಿನಿಂದ ಆಗುವುದೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ಹೃದಯದ ವಿದ್ಯುತ್ ಸಂಕೇತಗಳನ್ನು ಒಯ್ಯುವ ಎಳೆಗಳು ಈ ಕವಾಟಕ್ಕೆ ಅಂಟಿಕೊಂಡಂತೆಯೇ ಸಾಗುತ್ತವೆ. ಅರಳಿದ ಜಾಲರಿ ಅವನ್ನು ಒತ್ತಿದರೆ ಬಡಿತ ನಿಧಾನವಾಗುತ್ತದೆ. ಶಸ್ತ್ರಚಿಕಿತ್ಸೆಯ ಅಪಾಯ ಕಡಿಮೆಯಿದ್ದ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಮೊದಲ 30 ದಿನಗಳೊಳಗೆ ಪೇಸ್‌ಮೇಕರ್ ಬೇಕಾದವರು ಬಲೂನಿನಿಂದ ಅರಳುವ ಕವಾಟ ಪಡೆದವರಲ್ಲಿ ಶೇ 6.5, ತಾನಾಗಿ ಅರಳುವ ಕವಾಟ ಪಡೆದವರಲ್ಲಿ ಶೇ 17.4. ಇಸಿಜಿಯಲ್ಲಿ ಮೊದಲೇ ಬಲಶಾಖೆಯ ತಡೆ (ಹೃದಯದ ಬಲಗಡೆಗೆ ವಿದ್ಯುತ್ ಸಂಕೇತ ಒಯ್ಯುವ ಎಳೆಯಲ್ಲಿ ಅಡಚಣೆ) ಇದ್ದವರಿಗೆ ಈ ಸಂಭವ ಹೆಚ್ಚು. ಪಾರ್ಶ್ವವಾಯು ಮತ್ತು ತೊಡೆಯ ನಾಳಕ್ಕೆ ಪೆಟ್ಟು ಕೂಡ ಈ ಚಿಕಿತ್ಸೆಯ ಅಪಾಯಗಳೇ. ಇವನ್ನೆಲ್ಲ ಒಪ್ಪಿಗೆಯ ಸಹಿಗೆ ಮುಂಚೆ ವಿವರಿಸಿರಲಿಲ್ಲವಾದರೆ ಆ ಬಗ್ಗೆ ನಿಮ್ಮ ಅಸಮಾಧಾನ ಸಹಜ.

ಪ್ರಶ್ನೆ: ಹೊಸ ಕವಾಟ ಹಾಕಿಸಿಕೊಂಡ ಮೇಲೆ ಹಲ್ಲು ಕೀಳಿಸಬಾರದೇ?

ಉತ್ತರ: ಕೀಳಿಸಬಹುದು, ಆದರೆ ಕವಾಟ ಹಾಕಿರುವುದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಬಾಯಿಯಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕೃತಕ ಕವಾಟದ ಮೇಲೆ ಬೇರೂರಿದರೆ ಪ್ರಾಣಕ್ಕೇ ಕುತ್ತಾಗುವುದರಿಂದ, ಹಲ್ಲು ಕೀಳುವ ಮುನ್ನ ಒಂದು ಡೋಸ್ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಇದಕ್ಕಿಂತ ಹೆಚ್ಚಾಗಿ ನನಗೆ ಆತಂಕ ತರುವುದು ಕಾರಣ ತಿಳಿಯದ ಜ್ವರ. ಅದು ಕೆಲವು ದಿನ ಬಿಡದಿದ್ದರೆ ಮನೆಯಲ್ಲಿದ್ದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಅದರಿಂದ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗದೆ ಹೋಗಬಹುದು. ಮೊದಲು ರಕ್ತದ ಮಾದರಿ ಕೊಟ್ಟು, ಔಷಧವನ್ನು ಆಮೇಲೆ ಆರಂಭಿಸಬೇಕು.