ಕಂಪನಿ ಕೊಡುವ ರಾಜಕೀಯ ದೇಣಿಗೆಗೆ ನಾವೆಷ್ಟು ಹೊಣೆ?

"ಅಕ್ಕಾ, ಸಿಯಾಟಲ್‌ಗೆ ಈಗಷ್ಟೇ ಬಂದಿದ್ದೇನೆ. ರಾಜಕಾರಣಿಗಳಿಗೆ ದೇಣಿಗೆ ಕೊಡುವ ಕಂಪನಿಯ ಪ್ಯಾಕ್ ಎಂಬ ನಿಧಿಗೆ ಸೇರಿ ಅಂತ ಆಫೀಸಿನಲ್ಲಿ ಇಮೇಲ್ ಬಂತು. ಆ ದುಡ್ಡು ನಮ್ಮಂಥ ವಲಸಿಗರ ವಿರುದ್ಧ ಮಾತಾಡುವವರಿಗೂ ಹೋಗುತ್ತದಂತೆ. ಸೇರದಿದ್ದರೆ ಮ್ಯಾನೇಜರ್ ಏನಂದುಕೊಳ್ತಾರೋ, ಸುಮ್ಮನಿದ್ದರೆ ನಾನೂ ಅದರಲ್ಲಿ ಪಾಲುದಾರ ಆಗ್ತೇನಾ?" ಎಂದು ಕೇಳಿದ್ದೀರಿ. ಬಂದ ಹೊಸತರಲ್ಲೇ ಈ ಪ್ರಶ್ನೆ ಕೇಳಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಇಲ್ಲೇ ಮನೆ ಮಾಡಿಕೊಂಡ ಎಷ್ಟೋ ಜನ ಇದನ್ನು ಒಮ್ಮೆಯೂ ಕೇಳಿಲ್ಲ.

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. ನೀವು ಎಚ್1ಬಿ ವೀಸಾದಲ್ಲಿದ್ದೀರಿ. ಅಮೆರಿಕದ ಯಾವ ಚುನಾವಣೆಗೂ ನೀವು ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಅಧ್ಯಕ್ಷರ ಚುನಾವಣೆಯಾಗಲಿ, ರಾಜ್ಯದ್ದಾಗಲಿ, ಊರಿನ ಕೌನ್ಸಿಲ್ಲಿನದಾಗಲಿ, ಎಲ್ಲಕ್ಕೂ ಇದೇ ನಿಯಮ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ವೋಟು ಹಾಕಲು ಮಾತ್ರ ಪೌರತ್ವವೇ ಬೇಕು. ಹಾಗಾಗಿ ಆ ಇಮೇಲ್ ನಿಮಗೆ ಬರಲೇಬಾರದಿತ್ತು. ಅದರ ಜೊತೆಗಿರುವ ಫಾರ್ಮ್ ತೆರೆದರೆ, ಸಾಮಾನ್ಯವಾಗಿ ಕೆಳಗೊಂದು ಚಿಕ್ಕ ಚೌಕ ಇರುತ್ತದೆ: ನಾನು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿರುವವರು ಎಂದು ಒಪ್ಪಿಕೊಳ್ಳುವ ಚೌಕ. ಎಲ್ಲರೂ ಮಾಡ್ತಾರೆ ಅಂತ ಸುಮ್ನೆ ಟಿಕ್ ಹಾಕಿಬಿಡಬೇಡಿ. ಸ್ನೇಹಿತರ ಕೈಗೆ ದುಡ್ಡು ಕೊಟ್ಟು ಅವರ ಹೆಸರಲ್ಲಿ ಕೊಡಿಸುವುದಂತೂ ದೊಡ್ಡ ಅಪರಾಧ. ಇನ್ನು ಮ್ಯಾನೇಜರ್ ವಿಷಯ. ಕೊಡದಿದ್ದಕ್ಕೆ ನೌಕರರಿಗೆ ಯಾವ ತೊಂದರೆಯನ್ನೂ ಕೊಡಬಾರದು ಎಂದು ಕಾನೂನೇ ಹೇಳುತ್ತದೆ. ಆ ಹೆದರಿಕೆ ಬಿಡಿ.

ಈಗ ಪ್ಯಾಕ್ ಅಂದರೆ ಏನು ಅಂತ ನೋಡೋಣ. ಬಹಳ ಜನ ಅದನ್ನು ಕಂಪನಿಯ ದುಡ್ಡು ಅಂದುಕೊಂಡಿದ್ದಾರೆ. ಅಲ್ಲ. 1907ರಿಂದಲೇ ಇಲ್ಲಿನ ಕಂಪನಿಗಳು ಕಾಂಗ್ರೆಸ್ ಎಂಬ ಅಮೆರಿಕದ ಸಂಸತ್ತಿಗೋ ಅಧ್ಯಕ್ಷ ಸ್ಥಾನಕ್ಕೋ ನಿಂತವರಿಗೆ ತಮ್ಮ ಖಜಾನೆಯಿಂದ ನೇರವಾಗಿ ಹಣ ಕೊಡುವಂತಿಲ್ಲ. ಅದಕ್ಕೇ ಪ್ಯಾಕ್ ಎಂಬ ಬೇರೆ ಹುಂಡಿ. ಅದಕ್ಕೆ ಬೀಳುವುದು ಮುಖ್ಯವಾಗಿ ನೌಕರರ ಸಂಬಳದಿಂದ ಕಡಿತವಾದ ಹಣ. ಒಬ್ಬರು ವರ್ಷಕ್ಕೆ ಹೆಚ್ಚೆಂದರೆ 5,000 ಡಾಲರ್ ಹಾಕಬಹುದು. ಪ್ಯಾಕ್ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್ ಕೊಡಬಹುದು. ಇಷ್ಟು ಚಿಕ್ಕ ಮೊತ್ತದಿಂದ ಏನಾಗುತ್ತದೆ ಅನ್ನಿಸಬಹುದು. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಅಧ್ಯಕ್ಷ ಬ್ರ್ಯಾಡ್ ಸ್ಮಿತ್ ತಮ್ಮ ನೌಕರರಿಗೆ ಇದನ್ನೇ ಬಿಡಿಸಿ ಹೇಳಿದ್ದರು. ಚೆಕ್ ದೊಡ್ಡದು ಅನ್ನುವುದಲ್ಲ ಮುಖ್ಯ, ಆ ಚೆಕ್ ಕೊಟ್ಟವರಿಗೆ ರಾಜಕಾರಣಿಗಳ ಕಾರ್ಯಕ್ರಮಗಳಿಗೆ ಕರೆ ಬರುತ್ತದೆ, ಅಲ್ಲಿ ಸಂಬಂಧ ಬೆಳೆಯುತ್ತದೆ ಎನ್ನುವುದು ಅವರ ಮಾತಿನ ಸಾರ. ಅಂದರೆ ನೌಕರರ ಸಂಬಳದ ಚೂರುಪಾರು ಸೇರಿ ಕಂಪನಿಗೆ ಬಾಗಿಲು ತೆರೆಯುತ್ತದೆ.

ಸ್ಮಿತ್ ಆಗ ಆ ವಿವರಣೆ ಕೊಡಬೇಕಾಗಿ ಬಂದದ್ದು ಆ ಜನವರಿ 6ರಂದು ಟ್ರಂಪ್ ಬೆಂಬಲಿಗರು ಅಮೆರಿಕದ ಸಂಸತ್ತಿನ ಮೇಲೆ ನಡೆಸಿದ ದಾಳಿಯಿಂದ. ದಾಳಿಯಾದ ಮೇಲೂ 147 ಮಂದಿ ರಿಪಬ್ಲಿಕನ್ ಸಂಸದರು ಟ್ರಂಪ್ ಸೋತ ಚುನಾವಣೆಯ ಫಲಿತಾಂಶ ಒಪ್ಪಲು ಆಕ್ಷೇಪ ಎತ್ತಿ ವೋಟು ಹಾಕಿದರು. ಆಗ ನಮ್ಮ ಆಫೀಸಿನಲ್ಲೂ ಗದ್ದಲ ಎದ್ದಿತು. ಪ್ರತಿ ಸಂಬಳದಿಂದ ಪ್ಯಾಕ್‌ಗೆ ಕೊಡುತ್ತಿದ್ದ ಸಹೋದ್ಯೋಗಿಯೊಬ್ಬರು ಎಲ್ಲರ ಸಭೆಯಲ್ಲಿ ಮೈಕ್ ಹಿಡಿದು, "ನನ್ನ ದುಡ್ಡು ಈ 147 ಜನರಲ್ಲಿ ಯಾರ್ಯಾರಿಗೆ ಹೋಗಿದೆ?" ಎಂದು ಕೇಳಿದರು. ಮೇಲಿನವರು ಹಾರಿಕೆಯ ಉತ್ತರ ಕೊಟ್ಟರು. ಆ ಸಹೋದ್ಯೋಗಿ ಅಲ್ಲೇ ನಿಂತು ಫೋನಿನಲ್ಲಿ ಎಫ್‌ಇಸಿ ಎಂಬ ಕೇಂದ್ರ ಚುನಾವಣಾ ಆಯೋಗದ ವೆಬ್‌ಸೈಟ್ ತೆರೆದು, ಹೆಸರು, ದಿನಾಂಕ, ಮೊತ್ತ ಎಲ್ಲ ಓದತೊಡಗಿದರು. ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆ ವಾರವೇ ಹಲವರು ತಮ್ಮ ಸಂಬಳದ ಕಡಿತ ನಿಲ್ಲಿಸಿದರು.

ಮೈಕ್ರೋಸಾಫ್ಟ್ ಆ ವರ್ಷದ ಫೆಬ್ರುವರಿಯಲ್ಲಿ, ಪ್ಯಾಕ್‌ಗೆ ಹಣ ಕೊಡುವ ನೌಕರರ ಮಾತು ಕೇಳಿದ ಮೇಲೆ, ಆ 147 ಮಂದಿಗೆ 2022ರ ಚುನಾವಣೆವರೆಗೂ ಕೊಡುವುದಿಲ್ಲ ಎಂದು ಪ್ರಕಟಿಸಿತು. ಕೆಲವು ಕಂಪನಿಗಳು ಆಗ ನಿಲ್ಲಿಸಿ ಮುಂದೆ ಮತ್ತೆ ಶುರು ಮಾಡಿದವು. ಆದರೂ ನನಗೆ ಇದರಲ್ಲಿ ಕಂಡದ್ದು ಒಂದೇ. ಹುಂಡಿಗೆ ದುಡ್ಡು ಹಾಕುವವರು ಕೈ ಹಿಂದೆ ತೆಗೆದರೆ ಕಂಪನಿ ಕಿವಿ ಕೊಡಲೇಬೇಕು.

ಆದರೆ ಕಂಪನಿ ತನ್ನದೇ ಖಜಾನೆಯಿಂದ ಕೊಡುವ ದಾರಿಗಳೂ ಇವೆ. ಅಲ್ಲಿ ನೌಕರರ ಮಾತು ನಡೆಯುವುದು ಕಷ್ಟ. 2019ರಲ್ಲಿ ನಮ್ಮ ಸಿಯಾಟಲ್ ಕೌನ್ಸಿಲ್ ಚುನಾವಣೆಗೆ ಅಮೆಜಾನ್ ಸುಮಾರು 15 ಲಕ್ಷ ಡಾಲರ್ ಸುರಿಯಿತು. ಅಷ್ಟಾದರೂ ಅವರು ಬೆಂಬಲಿಸಿದವರಲ್ಲಿ ಹೆಚ್ಚಿನವರು ಸೋತರು. ಅಮೆಜಾನ್ ವಿರೋಧಿಸಿದ್ದ ಕೌನ್ಸಿಲ್ ಸದಸ್ಯೆ, ಮುಂಬೈಯಲ್ಲಿ ಬೆಳೆದ ಕ್ಷಮಾ ಸಾವಂತ್ ಮತ್ತೆ ಗೆದ್ದರು. ಮರುವರ್ಷವೇ ವಿದೇಶಿ ಪಾಲು ಇರುವ ಕಂಪನಿಗಳ ದೇಣಿಗೆಗೆ ನಗರ ಕಡಿವಾಣ ಹಾಕಿತು. 2025ರ ಅಧ್ಯಕ್ಷರ ಪದಗ್ರಹಣ ಸಮಾರಂಭದ ನಿಧಿಗೆ ಅಮೆಜಾನ್, ಮೆಟಾ, ಗೂಗಲ್, ಮೈಕ್ರೋಸಾಫ್ಟ್ ತಲಾ 10 ಲಕ್ಷ ಡಾಲರ್ ಕೊಟ್ಟವು. ಆ ನಿಧಿಗೆ ಕಂಪನಿಗಳು ಎಷ್ಟು ಬೇಕಾದರೂ ಕೊಡಬಹುದು. ನಿಮ್ಮನ್ನಾಗಲಿ ನನ್ನನ್ನಾಗಲಿ ಯಾರೂ ಕೇಳುವುದಿಲ್ಲ. ನಾವು ದುಡಿದ ಲಾಭವೇ ಅದು, ಅಲ್ವಾ? ಈ ಮಾತು ನನಗೆ ಈಗಲೂ ನೋವು ಕೊಡುತ್ತದೆ. ನಮ್ಮ ಭಾರತದ ಕಥೆಯೂ ಗೊತ್ತಲ್ಲ. ಯಾರು ಯಾವ ಪಕ್ಷಕ್ಕೆ ಕೊಟ್ಟರು ಎಂಬುದನ್ನು ಜನರಿಂದ ಮುಚ್ಚಿಟ್ಟ ಚುನಾವಣಾ ಬಾಂಡನ್ನು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಬೇಕಾಯಿತು. ಇಲ್ಲಿ ಪ್ಯಾಕ್‌ನ ಲೆಕ್ಕವಾದರೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ನೀವು ಹೊಣೆಯಾ? ನನ್ನ ಮಟ್ಟಿಗೆ, ಈಗ ನೀವಲ್ಲ. ಕೆಲಸ ಹೋದರೆ ನಿಮಗೆ ಇರುವುದು 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹಾಗಿರುವವರು ಸಭೆಯಲ್ಲಿ ಎದ್ದು ನಿಂತು ಜಗಳವಾಡಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಪ್ಯಾಕ್ ಸಮಿತಿಯಲ್ಲಿ ನಿಮ್ಮಂಥವರು ಕೂರುವಂತೆಯೂ ಇಲ್ಲ. ಹೊಣೆ ಜಾಸ್ತಿ ಇರುವುದು ನಮ್ಮ ಮೇಲೆ. ಗ್ರೀನ್ ಕಾರ್ಡ್ ಸಿಕ್ಕು, ಪೌರತ್ವ ಸಿಕ್ಕು, ಮನೆ ಸಾಲವನ್ನೂ ಅರ್ಧ ತೀರಿಸಿಕೊಂಡು, "ನಮಗ್ಯಾಕೆ ಇದರ ಉಸಾಬರಿ" ಅನ್ನುವ ನಮ್ಮಂಥವರ ಮೇಲೆ. ಹೊಸಬರ ವೀಸಾ, ಅವರ ಮಕ್ಕಳ ಭವಿಷ್ಯ ನಿರ್ಧರಿಸುವ ಸಂಸದರಿಗೆ ನಮ್ಮದೇ ಸಂಬಳದ ಹಣ ಹೋಗುತ್ತಿರುವಾಗ ನಾವು ಬಾಯಿ ಮುಚ್ಚಿಕೊಂಡಿರಬಾರದು.

ನೀವು ಈಗ ಮಾಡಬಹುದಾದದ್ದು ಇಷ್ಟು. ಎಫ್‌ಇಸಿ ವೆಬ್‌ಸೈಟಿನಲ್ಲಿ ನಿಮ್ಮ ಕಂಪನಿಯ ಪ್ಯಾಕ್ ಹುಡುಕಿ, ಖರ್ಚಿನ ಪಟ್ಟಿ ತೆರೆಯಿರಿ. ಯಾರಿಗೆ, ಯಾವ ದಿನ, ಎಷ್ಟು ಎಂದು ಸಾಲು ಸಾಲಾಗಿ ಇರುತ್ತದೆ. ಹತ್ತು ನಿಮಿಷ ಸಾಕು. ರಾಜಕೀಯದಲ್ಲಿ ಆಸಕ್ತಿ ಇದ್ದರೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡಲು ನಿಮಗೂ ಅವಕಾಶ ಇದೆ. ಪಟ್ಟಿಯಲ್ಲಿ ಮನಸ್ಸಿಗೆ ಒಪ್ಪದ ಹೆಸರು ಕಂಡರೆ ಗುರುತು ಮಾಡಿಟ್ಟುಕೊಳ್ಳಿ. ನಿಮ್ಮ ತಂಡದಲ್ಲಿ ಪ್ಯಾಕ್‌ಗೆ ಕೊಡುವ, ಪೌರತ್ವ ಇರುವ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ. ಕಾಫಿಗೆ ಹೋದಾಗ ಅವರ ಮುಂದೆ ಆ ಪಟ್ಟಿ ಇಟ್ಟು, "ಇವರಿಗೆ ಯಾಕೆ ಕೊಟ್ಟರು, ಮುಂದಿನ ಸಭೆಯಲ್ಲಿ ಕೇಳ್ತೀರಾ?" ಅನ್ನಿ. ದುಡ್ಡು ಅವರದ್ದು, ಕೇಳುವ ಹಕ್ಕೂ ಅವರದ್ದು.