ಶಾರ್ಜಾದ ಫ್ಲ್ಯಾಟಿಗೆ ಎಷ್ಟು ಏರ್ ಪ್ಯೂರಿಫೈಯರ್ ಬೇಕು?

ಬದಿಯಡ್ಕದಿಂದ ಶಾರ್ಜಾಕ್ಕೆ ಹೊಸದಾಗಿ ಬಂದಿರುವ ನೀವು, ಉಬ್ಬಸವಿರುವ ತಾಯಿಯವರನ್ನು ಕರೆಸಿಕೊಳ್ಳುವ ಮುನ್ನ, ಎರಡು ಮಲಗುವ ಕೋಣೆಗಳ ಫ್ಲ್ಯಾಟಿಗೆ ದೊಡ್ಡದೊಂದು ಏರ್ ಪ್ಯೂರಿಫೈಯರ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಆ ಯಂತ್ರ ತಾನಿರುವ ಕೋಣೆಯ ಗಾಳಿಯನ್ನಷ್ಟೇ ಎಳೆದು ಶೋಧಿಸುವುದರಿಂದ, ಹಾಲ್‌ನಲ್ಲಿ ಎಷ್ಟು ದೊಡ್ಡದನ್ನು ಇಟ್ಟರೂ ರಾತ್ರಿ ಬಾಗಿಲು ಹಾಕಿಕೊಂಡು ಮಲಗುವ ಅಮ್ಮನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೊದಲನೆಯದನ್ನು ಅವರ ಕೋಣೆಗೇ ಕೊಳ್ಳಿರಿ, ಎರಡನೆಯದು ಹಾಲ್‌ಗೆ, ನಿಮ್ಮ ಕೋಣೆಯದು ಆಮೇಲಿನ ಮಾತು.

ಗಾತ್ರವನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ ಚದರ ಮೀಟರಿನ ಅಂಕಿಯಿಂದ ನಿರ್ಧರಿಸಬೇಡಿ. ಗಂಟೆಗೆ ಒಂದೆರಡು ಸಲ ಗಾಳಿ ಶೋಧಿಸಿದರೆ ಸಾಕೆಂಬ ಉದಾರ ಲೆಕ್ಕದಲ್ಲಿ ಅದನ್ನು ಬರೆದಿರುವುದುಂಟು. ನೋಡಬೇಕಾದದ್ದು ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಹೊರಬರುತ್ತದೆ ಎಂಬ ಅಂಕಿ. ಉಬ್ಬಸದವರ ಕೋಣೆಯ ಗಾಳಿ ಗಂಟೆಗೆ ಸುಮಾರು 5 ಸಲ ಶೋಧನೆಯಾಗುವುದು ಒಳ್ಳೆಯದು. 4 ಮೀಟರ್ ಉದ್ದ, 3.5 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆಯಲ್ಲಿ ಸುಮಾರು 38 ಘನ ಮೀಟರ್ ಗಾಳಿಯಿರುತ್ತದೆ. ಅದನ್ನು 5ರಿಂದ ಗುಣಿಸಿದರೆ 190. ಆದರೆ ಸಿಎಡಿಆರ್ ಸಾಮಾನ್ಯವಾಗಿ ಗರಿಷ್ಠ ವೇಗದ ಅಂಕಿ, ಆ ವೇಗದ ಸದ್ದಿನಲ್ಲಿ ವಯಸ್ಸಾದವರಿಗೆ ನಿದ್ದೆ ಬರುವುದಿಲ್ಲ, ರಾತ್ರಿ ವೇಗ ತಗ್ಗಿಸಿದರೆ ಶುದ್ಧ ಗಾಳಿಯೂ ತಗ್ಗುತ್ತದೆ. ಆದಕಾರಣ 300ರ ಆಸುಪಾಸಿನದನ್ನು ಕೊಂಡು ಮಧ್ಯಮ ವೇಗದಲ್ಲಿ ನಡೆಸುವುದೇ ಜಾಣತನ. ಹಾಲ್‌ಗೂ ಇದೇ ಲೆಕ್ಕ. ಅಡುಗೆಮನೆ ಅದಕ್ಕೆ ತೆರೆದುಕೊಂಡಿದ್ದರೆ ಅದರ ಅಳತೆಯನ್ನೂ ಕೂಡಿಸಬೇಕು, ಹಾಲ್ ಮೂಲೆ ತಿರುಗಿದ್ದರೆ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಮೇಲು.

ಅತಿ ಸಣ್ಣ ದೂಳಿನ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ. ಓಝೋನ್ ಬಿಡುವ ಯಂತ್ರ ಉಬ್ಬಸದವರಿಗೆ ಕೂಡದು. ಬದಲಿ ಫಿಲ್ಟರಿನ ಬೆಲೆಯನ್ನು ಮೊದಲೇ ವಿಚಾರಿಸಿರಿ, ಏಕೆಂದರೆ ಇಲ್ಲಿನ ದೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ದೂಳೆಬ್ಬಿಸುವ ಶಮಾಲ್ ಗಾಳಿ ಬೀಸುವ ದಿನಗಳಲ್ಲಿ ಕಿಟಕಿ ಮುಚ್ಚಿಡಿ, ದೂಳು ಇಳಿದ ಮೇಲೆ ಸ್ವಲ್ಪ ಹೊತ್ತು ತೆರೆಯಿರಿ. ನಾವು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಈ ಯಂತ್ರ ತೆಗೆಯುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಕೂಡ ಒಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ.

ಊರಿನ ಮನೆಗೂ ಒಂದನ್ನು ಕಳುಹಿಸಲೇ ಎಂದಿದ್ದೀರಿ. ಜಗಲಿ, ಕಿಟಕಿಗಳೆಲ್ಲ ದಿನವಿಡೀ ತೆರೆದಿರುವ ಹೆಂಚಿನ ಮನೆಯಲ್ಲಿ ಶೋಧಿಸಿದಷ್ಟೂ ತೋಟದ ಗಾಳಿ ಒಳಬರುತ್ತಲೇ ಇರುತ್ತದೆ. ಮಳೆಗಾಲದ ಬೂಷ್ಟೇ ಅಲ್ಲಿನ ತೊಂದರೆಯಾದರೆ, ಆ ಹಣದಲ್ಲಿ ಸೋರುವ ಮಾಡನ್ನು ಸರಿಪಡಿಸಿ ಗೋಡೆಯ ತೇವ ಕಳೆಯಿರಿ.