ಎಚ್‌ಐವಿ ಮಾತ್ರೆ ನಿಂತ ಅಕ್ಕನಿಗೆ ಸೋಂಕಿತರ ಸಂಘ ಏನು ಮಾಡಬಲ್ಲದು?

ಕುಷ್ಟಗಿ ಕಡೆಯ ಓದುಗರೊಬ್ಬರ ಪತ್ರವಿದು, ಹೆಸರು ಬಿಟ್ಟಿದ್ದೇವೆ. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಜಿಲ್ಲಾಸ್ಪತ್ರೆಯಿಂದ ಮಾತ್ರೆ ತರುತ್ತಿದ್ದರು. ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ ಮೇಲೆ ಅದು ನಿಂತು 4 ತಿಂಗಳಾಗಿದೆ. 6 ವರ್ಷದ ಮಗ ಊರಲ್ಲೇ ಇದ್ದಾನೆ. "ಮಾತ್ರೆಯನ್ನು ಸರ್ಕಾರವೇ ಪುಕ್ಕಟೆ ಕೊಡುವಾಗ ಸಂಘದವರು ಯಾಕೆ ಬೇಕು? ಅವರು ಮನೆಗೆ ಬಂದರೆ ಓಣಿಗೆಲ್ಲ ಗೊತ್ತಾಗುವುದಿಲ್ಲವೇ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾತ್ರೆ ಕೊಡುವುದು ಆಸ್ಪತ್ರೆಯೇ, 2004ರಿಂದ ಉಚಿತವಾಗಿ. ಆದರೆ ಅದು ನಡುವೆ ನಿಂತಾಗ ಹುಡುಕಿಕೊಂಡು ಬರುವವರು ಹೆಚ್ಚಾಗಿ ಸೋಂಕಿತರ ಸಂಘಗಳ ಕಾರ್ಯಕರ್ತೆಯರು. ಅವರಲ್ಲಿ ಎಷ್ಟೋ ಮಂದಿ ಅದೇ ಮಾತ್ರೆ ನುಂಗುವವರು. ನಿಮ್ಮ ಅಕ್ಕನಿಗೆ ಆದದ್ದು ದುಡಿಯಲು ಊರು ಬಿಟ್ಟವರಿಗೆ ಆಗುವಂಥದ್ದೇ. ಹೆಸರಿರುವುದು ಕೊಪ್ಪಳದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ, ಕೆಲಸ ಬೆಂಗಳೂರಿನಲ್ಲಿ. ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ. ಮಾತ್ರೆ ಬಿಟ್ಟು ಈಗ ಮತ್ತೆ ಆಸ್ಪತ್ರೆಗೆ ಹೋದರೆ ಬೈಯುತ್ತಾರೆ ಎಂಬ ಅಂಜಿಕೆ ಬೇರೆ.

ಹೆಸರನ್ನು ಬೆಂಗಳೂರಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಅದಕ್ಕೆ ಎಆರ್‌ಟಿ ಪುಸ್ತಕ ಅಥವಾ ಅದರಲ್ಲಿರುವ ನೋಂದಣಿ ಸಂಖ್ಯೆ ಬೇಕು. ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ; ಕರೆ ಉಚಿತ, ಹೆಸರು ಹೇಳಬೇಕಿಲ್ಲ. ಅಕ್ಕ ಇರುವ ಜಾಗಕ್ಕೆ ಹತ್ತಿರದ ಎಆರ್‌ಟಿ ಕೇಂದ್ರವನ್ನು ಕೇಳಿಕೊಳ್ಳಿ. ಅಲ್ಲಿನ ಆಪ್ತಸಮಾಲೋಚಕರು ಆ ಭಾಗದ ಸಂಘದವರನ್ನು ಪರಿಚಯಿಸುತ್ತಾರೆ. ಮೊದಲ ದಿನ ಜೊತೆಗೆ ಒಬ್ಬರು ಬರಲಿ ಎಂದು ಕೇಳಿ. ಸಂಘದಿಂದ ಸಿಗುವ ಸಹಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ ಎಂದೇ ನಮ್ಮ ಅನಿಸಿಕೆ.

ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ತಾವಾಗಿಯೇ ಮತ್ತೆ ಶುರುಮಾಡುವುದು ಬೇಡ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಇವುಗಳಲ್ಲಿ ಒಂದಿದ್ದರೂ ಮೊದಲು ಟಿಬಿ ಪರೀಕ್ಷೆ ಆಗಬೇಕು. ರಿಫಾಂಪಿಸಿನ್ ಎಂಬ ಔಷಧವಿರುವ ಟಿಬಿ ಚಿಕಿತ್ಸೆ ಹಿಡಿದರೆ ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧವನ್ನು ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ಬಿಡದ ತಲೆನೋವಿದ್ದರೆ ಅದನ್ನೂ ಹೇಳಲಿ. ಮಿದುಳಿನ ಸೋಂಕು ಇದ್ದಲ್ಲಿ ಎಆರ್‌ಟಿಯನ್ನು ತಡವಾಗಿ ಶುರುಮಾಡುತ್ತಾರೆ.

ಈಗ ಹೆಚ್ಚಿನವರಿಗೆ ಕೊಡುವುದು ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ, ದಿನಕ್ಕೊಂದೇ ಮಾತ್ರೆ. ಅಕ್ಕ ರಕ್ತಹೀನತೆಗೆಂದು ಕಬ್ಬಿಣಾಂಶದ ಗುಳಿಗೆಯನ್ನೋ ಗ್ಯಾಸ್ಟ್ರಿಕ್‌ಗೆ ಆಂಟಾಸಿಡ್ ಅನ್ನೋ ತೆಗೆದುಕೊಳ್ಳುತ್ತಿದ್ದರೆ ಎಆರ್‌ಟಿ ಮಾತ್ರೆಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಲಿ. ಒಟ್ಟಿಗೆ ಹೋದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಂಚಿಕೊಂಡ ರೂಮಿನಲ್ಲಿ ಡಬ್ಬಿಯ ಚೀಟಿ ಯಾರಾದರೂ ಓದಿಯಾರೆಂಬ ಭಯವಿದ್ದರೆ ಫೋಟೊ ತೆಗೆದಿಟ್ಟುಕೊಂಡು ಚೀಟಿ ಕೀಳಬಹುದು. ಮಾತ್ರೆಗಳನ್ನು ಮಾತ್ರ ಕಾಗದದಲ್ಲಿ ಕಟ್ಟಿಡದೆ ಅದೇ ಡಬ್ಬಿಯಲ್ಲಿರಿಸಲಿ. ತೇವ ತಾಗಿದರೆ ಕೆಡುತ್ತವೆ.

ಓಣಿಗೆ ಗೊತ್ತಾಗುವ ನಿಮ್ಮ ಭಯ ಸುಳ್ಳಲ್ಲ. ಅದಕ್ಕೇ ನೋಂದಣಿಯ ದಿನವೇ ಸಂಘದವರೊಂದಿಗೆ ಮಾತಾಡಿಕೊಳ್ಳಬೇಕು: ಮನೆಗೆ ಬರಬಹುದೇ, ಫೋನನ್ನು ಬೇರೆಯವರು ಎತ್ತಿದರೆ ಏನೆನ್ನಬೇಕು, ಎಲ್ಲಿ ಭೇಟಿಯಾಗಬೇಕು. ಮನೆಗೆ ಬೇಡ ಎಂದರೆ ಆಸ್ಪತ್ರೆಯಲ್ಲೋ ಸಂಘದ ಕಚೇರಿಯಲ್ಲೋ ಸಿಗಬಹುದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ, ಸೋಂಕಿದೆಯೆಂಬ ಕಾರಣಕ್ಕೇ ಕೆಲಸದಿಂದ ತೆಗೆಯುವಂತಿಲ್ಲ. 100 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಅಧಿಕಾರಿ ಇರಲೇಬೇಕು. ಅಕ್ಕ ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ನೀವು ಕೇಳದೇ ಬಿಟ್ಟ ಒಂದು ವಿಷಯವಿದೆ: ಹುಡುಗನ ಪರೀಕ್ಷೆ ಆಗಿದೆಯೇ? ಸಂಘದ ಕಾರ್ಯಕರ್ತೆಯಾದರೆ ಮೊದಲು ಕೇಳುತ್ತಿದ್ದುದೇ ಇದನ್ನು. ಆರೋಗ್ಯವಾಗಿ ಆಡಿಕೊಂಡಿದ್ದಾನೆ ಎಂದು ಮುಂದೂಡಬೇಡಿ. ಹುಟ್ಟುವಾಗ ಬಂದ ಸೋಂಕು ಕೆಲವು ಮಕ್ಕಳಲ್ಲಿ ವರ್ಷಗಟ್ಟಲೆ ಕಾಣಿಸಿಕೊಳ್ಳುವುದಿಲ್ಲ. ಅಕ್ಕನ ಒಪ್ಪಿಗೆ ಪಡೆದು, ಸಾಧ್ಯವಾದರೆ ಅವರು ಊರಿಗೆ ಬಂದಾಗಲೇ, ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಕರೆದೊಯ್ಯಿರಿ. ಈ ವಯಸ್ಸಿಗೆ ದೊಡ್ಡವರಿಗೆ ಮಾಡುವ ಎಚ್‌ಐವಿ ರಕ್ತಪರೀಕ್ಷೆಯೇ ಸಾಕು, ಹಣ ಕೊಡಬೇಕಿಲ್ಲ. ಸೋಂಕು ಕಂಡರೆ ಮಕ್ಕಳ ತೂಕಕ್ಕೆ ತಕ್ಕ ಮಾತ್ರೆಯೂ ಎಆರ್‌ಟಿ ಕೇಂದ್ರದಲ್ಲೇ ಸಿಗುತ್ತದೆ.